ಗಾಜಿನ ಮುಚ್ಚಳದ ಕ್ಯೂಬಾ ಪೆಟ್ಟಿಗೆ

ಮೂವತ್ತೆಂಟು ಸಾವಿರ ರೂಪಾಯಿ ಕೊಟ್ಟು ಒಂದು ಪೆಟ್ಟಿಗೆ ಸಿಗಾರ್ ಕೊಂಡೆ. ಒಳಗೆ ಇಪ್ಪತ್ನಾಲ್ಕು ಇದ್ದವು. ಪೆಟ್ಟಿಗೆಯ ಮೇಲೆ ಕ್ಯೂಬಾ ಎಂದು ಬರೆದಿತ್ತು. ಒಳಗಿನ ಮಾಲು ಕ್ಯೂಬಾದ್ದಲ್ಲ ಎಂದು ದುಡ್ಡು ಕೊಡುವ ಮೊದಲೇ ನನಗೆ ಗೊತ್ತಿತ್ತು. ಆದರೂ ಒಂದು ರೂಪಾಯಿ ಕಡಿಮೆ ಮಾಡಿಸಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬಲಾರರು. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುತ್ತೇನೆಂದು ಹೆಂಡತಿ ನನ್ನ ಜೊತೆ ಸಂತೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಅಂಥವನು ಯಾಕೆ ಕೊಟ್ಟ ಅಂದರೆ, ಹನ್ನೆರಡು ಅಡಿ ಅಗಲದ ಒಂದು ದಾರಿಗಾಗಿ.

ನನ್ನದು ಕೊಬ್ಬರಿ ವ್ಯಾಪಾರ. ಮತ್ತೋಡಿನ ಸುತ್ತಲ ತೋಟಗಳಲ್ಲಿ ಹಳೇ ಮೊಪೆಡ್ಡಿನ ಹಿಂದೆ ಎರಡು ಚೀಲ ಕಟ್ಟಿಕೊಂಡು ಶುರು ಮಾಡಿದವನು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ಉರುಳುವ ಸದ್ದು ಕೇಳಬೇಕು. ಆ ಸದ್ದು ಕೇಳಿ, ಮೂಸಿ, ಹೆಬ್ಬೆರಳಲ್ಲಿ ಒತ್ತಿ, ಮಾಲಿನ ಕೊರತೆ ಹುಡುಕಿ ಬೆಲೆ ಕಟ್ಟುವುದೇ ನನ್ನ ಕಸುಬು. ಕೊರತೆ ಎಂದೆ, ಅದನ್ನು ನೆನಪಿಟ್ಟುಕೊಳ್ಳಿ. ಚೌಕಾಸಿ ಅಂದರೆ ಜೋರು ಬಾಯಿ ಎಂದು ಜನ ತಿಳಿದಿದ್ದಾರೆ. ಮಾಲಿನಲ್ಲಿ ಒಂದು ಕೊರತೆ ತೋರಿಸಲು ಬಾರದವನಿಗೆ ಎಷ್ಟು ಬಾಯಿದ್ದರೂ ಬೆಲೆ ಇಳಿಯುವುದಿಲ್ಲ.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯ ಬದಿ ಒಂದು ಗೋದಾಮು ಮಾರಾಟಕ್ಕಿದೆ ಎಂದು ತಿಳಿದಾಗ ನಾನೇ ಮೊದಲು ಹೋದೆ. ಮಾರುವವನಿಗೆ ಅವಸರವಿತ್ತು. ನಾನು ಬಾಯಿ ಬಿಡುವ ಮೊದಲೇ ಎರಡು ಸಲ ರೇಟು ಇಳಿಸಿದ. ಅದು ನನ್ನ ಮುಖದ ಗತ್ತಿಗೆ ಇಳಿದದ್ದು ಎಂದುಕೊಂಡೆ. ಗೋಡೆ ನೋಡಿದೆ, ತಗಡು ನೋಡಿದೆ, ಜಾಗದ ಮೇಲೆ ಸಾಲವಿದೆಯೇ ಎಂದು ವಿಚಾರಿಸಿದೆ. ರಸ್ತೆಗೂ ಗೋದಾಮಿಗೂ ನಡುವೆ ಅವನ ದಾಯಾದಿಯ ಹೊಲವಿತ್ತು. ಅದರ ಅಂಚಿನಲ್ಲಿ ಲಾರಿಗಳು ಓಡಾಡಿ ದಾರಿ ಸವೆದಿತ್ತು. ಕ್ರಯಪತ್ರದಲ್ಲಿ ಆ ದಾರಿಯ ಮಾತೇ ಇರಲಿಲ್ಲ. ಅದನ್ನು ನಾನು ಕೇಳಲೂ ಇಲ್ಲ. ದಾರಿಯ ಮೇಲೇ ನಿಂತು ಮಾತಾಡುತ್ತಿದ್ದೆವಲ್ಲ, ಕಾಣುವುದನ್ನು ಯಾರು ಕೇಳುತ್ತಾರೆ?

ಎರಡು ವರ್ಷಕ್ಕೆ ಆ ಹೊಲವನ್ನು ದುರ್ಗದ ಸಾಹುಕಾರರೊಬ್ಬರು ಕೊಂಡರು. ಅವರಿಗೆ ಲಾರಿಗಳಿದ್ದವು, ಕಲ್ಲು ಕ್ವಾರಿ ಇತ್ತು. ಸುತ್ತ ಗೋಡೆ ಎದ್ದಿತು, ತೋಟದ ಮನೆ ಎದ್ದಿತು, ನನ್ನ ದಾರಿ ರಸ್ತೆ ಸೇರುವಲ್ಲಿ ಕಬ್ಬಿಣದ ಗೇಟು ಬಂತು, ಗೇಟಿಗೆ ಕಾವಲುಗಾರ ಬಂದ, ಅವನ ಸೊಂಟಕ್ಕೆ ಬೀಗದ ಕೈ ಬಂತು. ಹಿಂದೆ ಹಳ್ಳ, ಎಡಬಲದಲ್ಲಿ ಬೇರೆಯವರ ತೋಟ. ನನ್ನ ಗೋದಾಮು ಡಬ್ಬಿಯೊಳಗಿನ ಡಬ್ಬಿಯಾಯಿತು.

ವಕೀಲರನ್ನು ಕೇಳಿದೆ. ದಾರಿ ಹಕ್ಕಿಗೆ ಕೇಸು ಹಾಕಬಹುದು, ಗೆಲ್ಲಲೂಬಹುದು, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ ಎಂದರು. ನೋಟಿಸು ಹೋದ ದಿನವೇ ಗೇಟಿಗೆ ಬೀಗ ಬೀಳುತ್ತದೆ ಎಂಬುದನ್ನು ಹೇಳಲು ವಕೀಲರು ಬೇಕಿರಲಿಲ್ಲ. ಮಾರಿಬಿಡೋಣವೆಂದರೆ ದಾರಿಯಿಲ್ಲದ ಗೋದಾಮನ್ನು ಯಾರು ಕೊಳ್ಳುತ್ತಾರೆ? ಒಬ್ಬರೇ, ಮುಂದಿನ ಹೊಲದ ಸಾಹುಕಾರರು. ಅವರು ಆಗಲೇ ಒಂದು ರೇಟು ಹೇಳಿದ್ದರು. ಅದು ತಗಡಿನ ಬೆಲೆಯೂ ಅಲ್ಲ.

ದಾರಿಯ ಮಾತೆತ್ತಿದ ದಿನ ಅವರು ನನ್ನ ಬೆನ್ನ ಮೇಲೆ ಕೈ ಹಾಕಿ, "ನಿನ್ ಲಾರಿ ಅಂದ್ರೆ ನಮ್ ಲಾರಿ ಇದ್ದಂಗೆ ಬಿಡಪ್ಪ. ಭಾನುವಾರ ಮಧ್ಯಾಹ್ನ ಬಾ, ಕುಂತ್ಕಂಡು ಮಾತಾಡಾಣ" ಅಂದರು. ಹೋದೆ. ಆಮೇಲೆ ಪ್ರತಿ ಭಾನುವಾರವೂ ಹೋಗುತ್ತಿದ್ದೇನೆ.

ತೋಟದ ಮನೆಯ ಮಹಡಿಯಲ್ಲಿ ಸಿಗಾರಿಗೆಂದೇ ಒಂದು ಕೋಣೆ. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತು, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆಯೇ? ಆ ಒಣಗಾಳಿಗೆ ಸಿಗಾರು ನಾಲ್ಕು ದಿನದಲ್ಲಿ ಹಪ್ಪಳವಾಗುತ್ತದೆ. ಅದಕ್ಕೇ ಕಿಟಕಿಗಳಿಗೆ ತೆರೆಯಲಾಗದ ಗಾಜು ಕೂರಿಸಿದ್ದರು. ದೇವದಾರು ಮರದ ಪೆಟ್ಟಿಗೆ, ಅದರೊಳಗೆ ತೇವದ ಪೊಟ್ಟಣ, ತೇವ ಅಳೆಯಲು ಗಡಿಯಾರದಂಥ ಮೀಟರು. ಬಾಗಿಲು ಹಾಕಿ ನಾಲ್ವರು ಸೇದಲು ಕುಳಿತರೆ ಅರ್ಧ ಗಂಟೆಯಲ್ಲಿ ಎದುರಿನವರ ಮುಖ ಮಸುಕಾಗುತ್ತಿತ್ತು. ನನ್ನ ಕುರ್ಚಿ ಕಿಟಕಿಯ ಪಕ್ಕ. ಅಲ್ಲಿಂದ ಗೇಟು ಕಾಣುತ್ತಿತ್ತು.

ಮಿಕ್ಕ ಇಬ್ಬರಲ್ಲಿ ಒಬ್ಬರು ದುರ್ಗದ ಹಲ್ಲಿನ ಡಾಕ್ಟರು, ಇನ್ನೊಬ್ಬ ಹಿರಿಯೂರಿನ ರಸ್ತೆ ಕಂಟ್ರಾಕ್ಟರು. ಇವರ ಜಗಳ ಒಂದೇ. ಸಾಹುಕಾರರ ಪ್ರಕಾರ ಸಿಗಾರ್ ಅಂದರೆ ಕ್ಯೂಬಾ, ಉಳಿದದ್ದೆಲ್ಲ ದಪ್ಪ ಬೀಡಿ. ಡಾಕ್ಟರು ನಿಕರಾಗುವಾದ ಕಡೆ. ಕ್ಯೂಬಾದವರು ಹೆಸರಿನ ಮೇಲೆ ಮಲಗಿದ್ದಾರೆ, ಒಂದೇ ಪೆಟ್ಟಿಗೆಯಲ್ಲಿ ಒಂದು ಚೆನ್ನಾಗಿ ಉರಿದರೆ ಇನ್ನೊಂದರಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ, ನಿಕರಾಗುವಾದ್ದು ಇಪ್ಪತ್ತಕ್ಕೆ ಇಪ್ಪತ್ತೂ ಸಮ ಎಂಬುದು ಅವರ ವಾದ. ಕಂಟ್ರಾಕ್ಟರಿಗೆ ದುಬೈನಲ್ಲಿ ಭಾಮೈದನಿದ್ದ. ಅವನು ತರುತ್ತಿದ್ದುದು ಡೊಮಿನಿಕನ್, ಮೆತ್ತನೆಯದು. ಡಾಕ್ಟರು ಅದನ್ನು ಬಾಣಂತಿ ಸಿಗಾರು ಎಂದು ಗೇಲಿ ಮಾಡುತ್ತಿದ್ದರು.

ನನಗೆ ಯಾವ ಚಟವೂ ಇರಲಿಲ್ಲ. ಆದರೆ ಗೊತ್ತಿಲ್ಲದ ಮಾಲಿನ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದೂ ನನ್ನ ಜಾಯಮಾನವಲ್ಲ. ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಹೋಟೆಲಿನ ಅಂಗಡಿಯಲ್ಲಿ ರಸೀದಿ ಸಮೇತ ಒಂದು ಅಸಲಿ ಕ್ಯೂಬಾ ಕೊಂಡೆ. ಸೇದುವುದಕ್ಕಲ್ಲ. ಗೋದಾಮಿನಲ್ಲಿ ಕೊಬ್ಬರಿ ಹೋಳು ಮಾಡುವ ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ಎಲೆಗಳು ಈ ತುದಿಯಿಂದ ಆ ತುದಿಯವರೆಗೆ ಮಡಿಸಿದ ಪಂಚೆಯ ಹಾಗೆ ಹಾಯ್ದಿದ್ದವು. ಡಾಕ್ಟರು ಕೊಟ್ಟಿದ್ದ ನಿಕರಾಗುವಾವನ್ನೂ ಸೀಳಿದೆ. ಅದರಲ್ಲೂ ಉದ್ದನೆಯ ಎಲೆ, ಸುತ್ತಿದ್ದು ಇನ್ನೂ ಬಿಗಿ, ಘಾಟು ಮೂಗಿನ ಬುಡಕ್ಕೆ ಹೊಡೆಯುವಂಥದ್ದು. ಕ್ಯೂಬಾದ್ದರಲ್ಲಿ ಘಾಟು ಕಡಿಮೆ. ಮೂಸಿದಷ್ಟೂ ಬೇರೆ ಬೇರೆ ವಾಸನೆ ಬರುತ್ತದೆ, ಮೊದಲು ಕೊಟ್ಟಿಗೆ, ಆಮೇಲೆ ತೊಗಲು, ಕೊನೆಗೆ ಹಳೇ ಅಟ್ಟದ ಬೆಚ್ಚನೆ ವಾಸನೆ. ಕೈಯ ಕೆಲಸ ನೋಡಿದರೆ ನಿಕರಾಗುವಾ, ಮೂಗನ್ನು ಕೇಳಿದರೆ ಕ್ಯೂಬಾ. ನನ್ನ ಲೆಕ್ಕ ಅಷ್ಟೇ, ಇವತ್ತಿಗೂ ಅದನ್ನು ಬದಲಾಯಿಸಿಲ್ಲ. ಇದನ್ನು ಕೋಣೆಯಲ್ಲಿ ಹೇಳಿದ ಮೇಲೆ ನನಗೆ ಮೂಗಿನ ಪಟ್ಟ ಸಿಕ್ಕಿತು. ಕೊಬ್ಬರಿ ಮೂಸಿ ಯಾವ ಊರಿನ ತೋಟದ್ದು ಅಂತ ಹೇಳುವವನು ಎಂದು ಹೊಸಬರಿಗೆಲ್ಲ ಪರಿಚಯ ಮಾಡಿಸತೊಡಗಿದರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಸಾಹುಕಾರರಿಗೆ ಯಾರೋ ಒಂದು ಪೆಟ್ಟಿಗೆ ಕ್ಯೂಬಾ ತಂದುಕೊಟ್ಟರು. ಮುಚ್ಚಳ ಗಾಜಿನದು. ಡಾಕ್ಟರು ಅದನ್ನು ನೋಡಿ ಮುಗುಳ್ನಕ್ಕರು. ಗಾಜಿನ ಮುಚ್ಚಳದಲ್ಲಿ ಅಸಲಿ ಮಾಲು ಬರುವುದನ್ನು ತಾವು ಕಂಡಿಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮುಂದಿನ ಭಾನುವಾರ ಪರೀಕ್ಷೆ ಎಂದಾಯಿತು. ಸಿಗಾರುಗಳ ಕಾಗದದ ಉಂಗುರ ಬಿಚ್ಚುವುದು, ಮೂರು ತಟ್ಟೆಯಲ್ಲಿ ಮೂರು ದೇಶದ್ದು ಇಡುವುದು, ಅದರಲ್ಲಿ ಕ್ಯೂಬಾ ಯಾವುದೆಂದು ನಾನು ಹೇಳುವುದು.

ಆ ಭಾನುವಾರ ನನ್ನ ಲಾರಿ ಮಾರನೇ ದಿನದ ಹರಾಜಿಗೆ ಲೋಡಾಗಿ ನಿಂತಿತ್ತು. ನಾಲ್ಕು ಗಂಟೆಗೆ ಹೊರಡಬೇಕು. ಮೂರೂವರೆಗೆ ಕಿಟಕಿಯಿಂದ ನೋಡಿದರೆ ಲಾರಿ ಗೇಟಿನ ಒಳಗೆ, ಗೇಟು ಹಾಕಿದೆ, ಕಾವಲುಗಾರ ಕಲ್ಲಿನ ಮೇಲೆ ಕೂತು ಮಹಡಿಯ ಕಡೆ ನೋಡುತ್ತಿದ್ದಾನೆ. ಅವನಿಗೆ ಯಾರೂ ಏನೂ ಹೇಳಿರಲಿಕ್ಕಿಲ್ಲ. ಭಾನುವಾರ ಯಜಮಾನರ ತಲೆ ಕಾಣದೆ ಅವನು ಗೇಟು ತೆಗೆಯುತ್ತಿರಲಿಲ್ಲ, ಅಷ್ಟೇ. ಆದರೂ ನಾನು ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಸರಿಸಿಕೊಂಡೆ.

ಮೂರು ಸ್ಟೀಲು ತಟ್ಟೆಗಳ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದಿತ್ತು. ಮೊದಲನೆಯದು ಮುಟ್ಟುತ್ತಲೇ ಗೊತ್ತಾಯಿತು, ಡೊಮಿನಿಕನ್. ಎರಡನೆಯದು ಕಲ್ಲಿನ ಹಾಗೆ ಬಿಗಿ, ಡಾಕ್ಟರದು. ಮೂರನೆಯದನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಉರುಳಿಸಿದೆ. ಒಳಗೆ ಚೂರು ಸರಿದಾಡುವ ಸದ್ದು. ನಡುವೆ ಒಂದು ಕಡೆ ಪೊಳ್ಳು. ಮೇಲೆ ಒಂದು ಒಳ್ಳೆಯ ಎಲೆ ಸುತ್ತಿ ಒಳಗೆ ಕಸ ತುಂಬಿದ್ದರು. ಚೀಲದ ಬಾಯಿಗೆ ಬಿಳೀ ಕೊಬ್ಬರಿ ಇಟ್ಟು ತಳಕ್ಕೆ ಬೂಸಲು ಹಿಡಿದದ್ದು ಸುರಿಯುವವರನ್ನು ನಾನು ಎಷ್ಟು ಜನರನ್ನು ಹಿಡಿದಿಲ್ಲ! ಆ ಕೋಣೆಯಲ್ಲಿ ಕ್ಯೂಬಾ ಇರಲೇ ಇಲ್ಲ.

ಸಾಹುಕಾರರು ನನ್ನನ್ನು ನೋಡುತ್ತಿದ್ದರು. "ಹೇಳಪ್ಪ. ಯಾವ್ದು?"

ನಾನು ಮೂರನೆಯ ತಟ್ಟೆಯನ್ನು ಮುಂದೆ ತಳ್ಳಿದೆ. "ಇದೇ ರೀ ಸಾಹುಕಾರ್ರೆ. ಮೂಗು ಸುಳ್ಳು ಹೇಳಾದಿಲ್ಲ."

ಕಂಟ್ರಾಕ್ಟರು ಚಪ್ಪಾಳೆ ತಟ್ಟಿದ. ಸಾಹುಕಾರರು ಎದ್ದು ಕಿಟಕಿಗೆ ಬಂದು ಕೈ ಬೀಸಿದರು. ಗೇಟು ತೆರೆಯಿತು. ಲಾರಿ ಹೊರಟು ರಸ್ತೆ ಸೇರುವುದನ್ನು ನಾನು ನೋಡುತ್ತ ಕುಳಿತಿದ್ದಾಗ ಡಾಕ್ಟರು ಪಕ್ಕಕ್ಕೆ ಬಾಗಿ, ಮೆಲ್ಲಗೆ, "ಲಾರಿ ಆಚೆ ಹೋಯ್ತೇನ್ರಿ? ಈಗ ಹೇಳ್ರಿ, ಯಾವ್ದು?" ಅಂದರು. ನಾನು ಬೂದಿತಟ್ಟೆಯನ್ನು ಅವರ ಕಡೆ ಸರಿಸಿದೆ. ಅವರು ಮತ್ತೆ ಕೇಳಲಿಲ್ಲ. ಆಮೇಲೆ ಅವರು ನನಗೆ ಯಾವ ಸಿಗಾರನ್ನೂ ಮೂಸಲು ಕೊಟ್ಟಿಲ್ಲ. ಅದು ಈಗಲೂ ಚುಚ್ಚುತ್ತದೆ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಸಾಹುಕಾರರು ಆ ಗಾಜಿನ ಪೆಟ್ಟಿಗೆಯನ್ನು ಪೇಪರಿನಲ್ಲಿ ಸುತ್ತಿ ಹಿಡಿದು ಮೆಟ್ಟಿಲಿಳಿದು ಬಂದರು.

"ಬೆಲೆ ಗೊತ್ತಿದ್ದೋನ ಕೈಗೆ ಹೋಗ್ಲಿ ಅಂತ. ನಾನು ತಂದ ರೇಟಿಗೇ ಕೊಡ್ತೀನಿ, ಮೂವತ್ತೆಂಟು. ಲಾಭ ಬ್ಯಾಡ."

ಇಷ್ಟು ವರ್ಷದ ಅಭ್ಯಾಸ, ನಾಲಿಗೆಯ ತುದಿಯಲ್ಲಿ ಕೊರತೆಗಳು ಸಾಲುಗಟ್ಟಿ ನಿಂತಿದ್ದವು. ಪೊಳ್ಳು, ಚೂರು, ಗಾಜಿನ ಮುಚ್ಚಳ. ಅದರಲ್ಲಿ ಒಂದನ್ನಾದರೂ ಆಡಿದರೆ ಹತ್ತು ನಿಮಿಷದ ಹಿಂದೆ ಆಡಿದ್ದು ಸುಳ್ಳಾಗುತ್ತದೆ. ಬಾಗಿಲು ನಾನೇ ಹಾಕಿ ನಾನೇ ಒಳಗೆ ಕೂತಿದ್ದೆ. ಅವರು ಪೆಟ್ಟಿಗೆಗೆ ಸುತ್ತಿದ್ದ ಪೇಪರನ್ನು ನೋಡಿದೆ. ದಾರ ಕಟ್ಟಿ ಗಂಟು ಹಾಕಿಯಾಗಿತ್ತು. ಎರಡು ನಿಮಿಷದಲ್ಲಿ ಕಟ್ಟಿದ ಗಂಟಲ್ಲ ಅದು, ಮೊದಲೇ ಕಟ್ಟಿಟ್ಟದ್ದು.

ಆದರೂ ಒಂದು ಕೈ ನೋಡಿದೆ. "ಆಯ್ತು ರೀ, ತಗಂತೀನಿ. ಹಂಗೇ ಆ ದಾರಿದೊಂದು ಕಾಗ್ದ ಮಾಡ್ಬಿಡಾಣ. ರಿಜಿಸ್ಟ್ರಿ ಖರ್ಚು ನಂದೇ."

ಅವರಿಗೆ ನಿಜವಾಗಿಯೂ ನೋವಾದ ಹಾಗೆ ಕಂಡಿತು. "ಒಂದೇ ಕೋಣ್ಯಾಗೆ ಕುಂತು ಸೇದೋರ ಮಧ್ಯೆ ಕಾಗ್ದ ಯಾತಕ್ಕಪ್ಪ? ಗೇಟಿಗೆ ಯಾವತ್ತಾರ ಬೀಗ ಹಾಕಿದೀನೇನು?"

ಹಾಕಿರಲಿಲ್ಲ. ನಿಜ ಹೇಳಬೇಕೆಂದರೆ ಒಂದು ದಿನವೂ ಹಾಕಿಲ್ಲ. ಬೀಗ ಹಾಕಿದ್ದರೆ ಕೇಸಾದರೂ ಹಾಕುತ್ತಿದ್ದೆ.

ಮುಂದಿನ ಭಾನುವಾರ ಹೋದಾಗ ಸಾಹುಕಾರರ ಮುಂದೆ ಹೊಸ ಪೆಟ್ಟಿಗೆಯಿತ್ತು. ನಿಕರಾಗುವಾದ್ದು, ಡಾಕ್ಟರು ತರಿಸಿಕೊಟ್ಟದ್ದಂತೆ. "ಕ್ಯೂಬಾ ನಿನಗಾತು, ನಮಗಿದೇ ಸಾಕು" ಎಂದು ನಕ್ಕರು. ಅವರು ಸೇದುವುದನ್ನು ನೋಡುತ್ತ ನನ್ನ ಕ್ಯೂಬಾ ಹಚ್ಚಿದೆ. ಒಂದು ಬದಿ ಉರಿಯಿತು, ಇನ್ನೊಂದು ಬದಿ ಉರಿಯಲಿಲ್ಲ. ಬೂದಿ ಪಂಚೆಯ ಮೇಲೆ ಬಿತ್ತು. ಚೆನ್ನಾಗೈತಾ ಎಂದು ಕೇಳಿದರು. ಚೆನ್ನಾಗೈತೆ ಅಂದೆ. ವಾರಕ್ಕೊಂದರಂತೆ ಹತ್ತೊಂಬತ್ತು ಮುಗಿಸಿದ್ದೇನೆ. ಅವರ ಎದುರಿಗೇ ಸೇದಬೇಕು, ಇಲ್ಲದಿದ್ದರೆ ಪೆಟ್ಟಿಗೆ ಏನಾಯಿತೆಂದು ಕೇಳುತ್ತಾರೆ. ಹೆಂಡತಿ ಭಾನುವಾರದ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಾಳೆ. ಗೋದಾಮಿನ ರೇಟಿನ ಬಗ್ಗೆ ಏನು ಯೋಚನೆ ಮಾಡಿದೆ ಎಂದು ಸಾಹುಕಾರರು ಪ್ರತಿ ಸಲ ಎದ್ದು ನಿಂತ ಮೇಲೆ ಕೇಳುತ್ತಾರೆ. ಇನ್ನೂ ಯೋಚಿಸುತ್ತಿದ್ದೇನೆ ಎನ್ನುತ್ತೇನೆ. ಎಡಗಡೆ ತೋಟದವರ ಹತ್ತಿರ ಬೇರೆ ದಾರಿಗೆ ಮಾತಾಡಿ ನೋಡಿದೆ. ಸಾಹುಕಾರರನ್ನು ಎದುರು ಹಾಕಿಕೊಳ್ಳಲು ಅವರಿಗೂ ಇಷ್ಟವಿಲ್ಲ. ಅವರ ಕಾಯಿಯೂ ಸಾಹುಕಾರರ ಲಾರಿಯಲ್ಲೇ ಹೋಗುವುದು.

ನಿಮಗೆ ಹೇಳುವುದು ಇಷ್ಟು. ಸಿಗಾರು ಕೊಳ್ಳುವವರಾದರೆ ಗಾಜಿನ ಮುಚ್ಚಳದ ಪೆಟ್ಟಿಗೆಯನ್ನು ಮುಟ್ಟಬೇಡಿ. ಉಂಗುರಗಳು ಒಂದೇ ಎತ್ತರದಲ್ಲಿ ಇವೆಯೇ, ಎಲೆಯ ಬಣ್ಣ ಒಂದೇ ಇದೆಯೇ ನೋಡಿ. ಒಂದನ್ನು ಕೊಂಡು ಸೀಳಿ, ಒಳಗೆ ಚೂರಿದ್ದರೆ ಅಲ್ಲಿಗೇ ಬಿಡಿ. ಕ್ಯೂಬಾ ಎಂಬ ಹೆಸರಿಗೆ ಕೊಡುವ ದುಡ್ಡಿನ ಅರ್ಧಕ್ಕೆ ಒಳ್ಳೆಯ ನಿಕರಾಗುವಾ ಸಿಗುತ್ತದೆ, ಹೊಸಬರಿಗೆ ಅದೇ ಮೇಲು. ಇನ್ನೊಬ್ಬರ ಮಾಲನ್ನು ಅವರೆದುರು ಹೊಗಳುವಾಗ, ಇದನ್ನು ನನಗೇ ಕೊಳ್ಳಲು ಹೇಳಿದರೆ ಏನು ಮಾಡಲಿ ಎಂದು ಒಮ್ಮೆ ಯೋಚಿಸಿ.

ಜಾಗ ಕೊಳ್ಳುವವರಾದರೆ ರಸ್ತೆಯಿಂದ ಇಳಿದು ಜಾಗದವರೆಗೆ ನಡೆಯಿರಿ. ಹತ್ತು ಹೆಜ್ಜೆಗೊಮ್ಮೆ ನಿಂತು, ನಾನೀಗ ನಿಂತಿರುವುದು ಯಾವ ಸರ್ವೆ ನಂಬರು ಎಂದು ಕೇಳಿ. ಆ ದಾರಿ ನಕಾಶೆಯಲ್ಲಿದೆಯೇ ನೋಡಿ, ಅಗಲ ಎಷ್ಟೆಂದು ಕ್ರಯಪತ್ರದಲ್ಲಿ ಬರೆಸಿ. ನೀವು ಕೇಳುವ ಮೊದಲೇ ಎದುರಿನವನು ಬೆಲೆ ಇಳಿಸಿದರೆ ಖುಷಿಪಡಬೇಡಿ, ಯಾಕೆಂದು ಕೇಳಿ. ಅವನು ಹೇಳದಿದ್ದರೆ ಪಕ್ಕದ ಹೊಲದವನನ್ನು ಕೇಳಿ.

ನನ್ನಲ್ಲಿ ಕೊಬ್ಬರಿ ಕೊಳ್ಳಲು ಬರುವವರು ಭಾನುವಾರ ಬಿಟ್ಟು ಬನ್ನಿ. ಭಾನುವಾರವೇ ಬರಬೇಕಾದರೆ ಮೂರು ಗಂಟೆಯೊಳಗೆ ಗಾಡಿ ಆಚೆ ಹೋಗುವ ಹಾಗೆ ನೋಡಿಕೊಳ್ಳಿ. ಆಮೇಲೆ ನಾನು ಮಹಡಿಯಲ್ಲಿರುತ್ತೇನೆ, ಫೋನು ತೆಗೆಯಲು ಆಗುವುದಿಲ್ಲ.