ಅಪ್ಪನ ಬಿಳಿ ಅಂಗಿಯ ಕಲೆ

“ಮೊದಲು ನಿಂಬಿಹಣ್ಣು, ಆಮ್ಯಾಲೆ ಬಿಸಿಲು” ಎನ್ನುತ್ತಿದ್ದಳೇ ಅವ್ವ? ಅಥವಾ ಬಿಸಿಲೇ ಮೊದಲೋ? ಇಂದು ಗಂಡನ ಬಿಳಿ ಅಂಗಿಯ ಬಗಲಲ್ಲಿ ಬೆವರಿನ ಹಳದಿ ಕಲೆ ಉಜ್ಜುತ್ತ ಕೂತ ನನಗೆ ಆ ಮಾತು ಪೂರ್ತಿ ನೆನಪಾಗಲಿಲ್ಲ.

ಅದು ಅರಿವೆಗೆ ಕಂಟ್ರೋಲಿದ್ದ, ಬಟ್ಟೆಯೂ ರೇಶನ್ನಿನಲ್ಲಿ ಅಳೆದು ಸಿಗುತ್ತಿದ್ದ ಕಾಲ. ಹಾನಗಲ್ಲಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಅಪ್ಪನಿಗೆ ಇದ್ದದ್ದು ಒಂದೇ ಒಳ್ಳೆಯ ಅಂಗಿ. ಅಕ್ಕನಿಗೆ ನಿಶ್ಚಯವಾಗಿದ್ದ ಸಂಬಂಧ ತಪ್ಪಿಹೋಗಿ, ಹೊಸದೊಂದನ್ನು ಕೇಳಲು ಅವನು ತಿಳವಳ್ಳಿಗೆ ಹೊರಟಿದ್ದ. ಅವ್ವ ನಿಂಬೆ, ಉಪ್ಪು ತಿಕ್ಕಿ ತಿಕ್ಕಿ ಬಗಲಿನ ಕಲೆಯನ್ನು ಮಸುಕಾಗಿಸಿದ್ದಳು. ಕೊನೆಗೆ ಕೆಂಡದ ಇಸ್ತ್ರಿ ಒತ್ತಿದಳು. ಶಾಖಕ್ಕೆ ಕಲೆ ಕಂದುಬಣ್ಣಕ್ಕೆ ತಿರುಗಿ ಮತ್ತೆ ಎದ್ದು ಕಂಡಿತು. ಅವಳು ಇಸ್ತ್ರಿ ಬದಿಗಿಟ್ಟು ಗೋಡೆಗೆ ಒರಗಿದಳು.

“ಅಲ್ಲಿ ಕೈ ಎತ್ತಬ್ಯಾಡ್ರಿ.”

“ನಮಸ್ಕಾರ ಹೆಂಗ ಮಾಡ್ಲಿ?” ಎಂದ ಅಪ್ಪ.

“ಮೊಣಕೈ ಮೈಗೆ ಹಚ್ಚಿ ಮಾಡ್ರಿ.”

ಅಪ್ಪ ಹಾಗೆಯೇ ಕೈ ಮುಗಿದು ತೋರಿಸಿದ. ನಾನು ನಕ್ಕೆ, ಅಕ್ಕ ನಗಲಿಲ್ಲ.

ತೋಳು ಬಿಗಿಹಿಡಿದುಕೊಂಡೇ ಅವನು ಹೊರಟಾಗ, ನೆರೆಮನೆಯ ಗಂಗಕ್ಕ ಬಾಗಿಲಲ್ಲಿ ಎದುರಾದಳು. ಮೇಲಿಂದ ಕೆಳಗೆ ನೋಡಿ, ಬಗಲ ಹತ್ತಿರ ಕಣ್ಣು ನಿಲ್ಲಿಸಿ ಅಂದಳು:

“ಮಾಸ್ತರ, ಕೈ ಸಡ್ಲ ಬಿಡ್ರಿ. ಅವರ ಮನ್ಯಾಗೂ ಅಂಗಿ ಒಗ್ಯಾಕಿ ಒಬ್ಬಾಕಿ ಇರ್ತಾಳ.”