ಕೀಪರನ ಕಡೆಗೆ ಎಸೆಯುವ ಕೈ

ನೆಲ ಸವರಿಕೊಂಡು ಬರುವ ಚೆಂಡನ್ನು ಫವಾಝನಷ್ಟು ಲೀಲಾಜಾಲವಾಗಿ ಎತ್ತುವವರು ದೋಹಾದ ಶುಕ್ರವಾರದ ಬೇಸ್‌ಬಾಲ್ ಲೀಗಿನ ಎರಡನೇ ದರ್ಜೆಯಲ್ಲಿ ಇನ್ನೊಬ್ಬರಿರಲಿಲ್ಲ. ಎಡವಟ್ಟೆಲ್ಲ ಎತ್ತಿದ ಮೇಲೆ. ಬ್ಯಾಟ್ ಬೀಸಿದವನು ಓಡುವುದು ಫಸ್ಟ್ ಬೇಸಿಗೆ; ಚೆಂಡು ಅವನಿಗಿಂತ ಮೊದಲು ಅಲ್ಲಿ ಮುಟ್ಟಬೇಕು. ಈ ಮಹಾಶಯ ಎಸೆಯುತ್ತಿದ್ದುದು ಬ್ಯಾಟಿನವನು ನಿಂತಿದ್ದ ಜಾಗದ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರನಿಗೆ.

"ಅಲ್ಲಿ ನಿಂಗೆ ಯಾರುಂಟು ಮಾರಾಯ?" ಎಂದು ಕೇಳುತ್ತಿದ್ದರು ಕೋಚ್ ಮಾರಿಸ್. ದೋಹಾದ ವೆಸ್ಟ್ ಬೇಯ ಆಫೀಸೊಂದರಲ್ಲಿ ಅಮೆರಿಕದವರ ಜೊತೆ ದುಡಿದು ಈ ಆಟ ಕಲಿತ ಮಂಗಳೂರಿನವರು.

ಅಲ್ಲಿದ್ದದ್ದು ಅಣ್ಣ. ಊರಾದ ಮುಕ್ಕದ ಕಡಲ ಬದಿಯಲ್ಲಿ ಫವಾಝ್ ಕ್ರಿಕೆಟ್ ಆಡಿದಷ್ಟು ವರ್ಷವೂ ವಿಕೆಟ್ ಹಿಂದೆ ನಿಂತವನು ಝುಬೈರ್. ಚೆಂಡು ಯಾವ ಮೂಲೆಯಲ್ಲಿ ಸಿಕ್ಕಿದರೂ ಅವನ ಕೈಗೇ ಸೇರಬೇಕು. ಊರು ಬಿಟ್ಟು ಮೂರು ವರ್ಷವಾದರೂ ಫವಾಝನ ತೋಳು ಅಣ್ಣನನ್ನೇ ಹುಡುಕುತ್ತಿತ್ತು, ಮನಸ್ಸೂ ಅಷ್ಟೆ.

ಮೇಲಿನ ದರ್ಜೆಯ ತಂಡದಲ್ಲಿ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮೂರನೇ ಬೇಸುಗಳ ನಡುವಿನ ಜಾಗ, ತೆರವಾಗಿತ್ತು. ಅದು ಬೇಕೆಂದು ಫವಾಝನಿಗೆ ಎಷ್ಟು ಆಸೆಯೆಂದರೆ, ಬಿನ್ ಮಹಮೂದ್ ಬಡಾವಣೆಯ ಬ್ಯಾಚುಲರ್ ಕೋಣೆಯಲ್ಲಿ ಗ್ಲೌಸನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದ. ಮಾರಿಸ್ ಅವನ ಎಸೆತಕ್ಕೊಂದು ಮದ್ದು ಮಾಡಿದರು. ಅಭ್ಯಾಸದ ಹೊತ್ತು ಕ್ಯಾಚರನನ್ನೇ ಎಬ್ಬಿಸಿ ಕಳಿಸಿ, "ಅಲ್ಲಿಗೆ ಎಸೆದದ್ದನ್ನು ನೀನೇ ಹೋಗಿ ಹೆಕ್ಕು, ಯಲ್ಲಾ, ಹೊರಡು" ಎಂದರು. ಅಲ್ ಗರಾಫಾ ಮೈದಾನದ ಬಿಸಿಲಲ್ಲಿ ಅವನು ನಡೆದು ನಡೆದು ಬೇಲಿಯ ಬುಡದಿಂದ ಚೆಂಡು ಹೆಕ್ಕಿ ತಂದ. ಮೊದಲ ದಿನ ಇಪ್ಪತ್ತು ಸಲ. ಎರಡು ತಿಂಗಳಲ್ಲಿ ಅದು ಒಂದೆರಡಕ್ಕೆ ಇಳಿಯಿತು.

ಆಯ್ಕೆಯ ಪಂದ್ಯದಲ್ಲಿ ಕೊನೆಯವನನ್ನು ಔಟ್ ಮಾಡಬೇಕಿತ್ತು. ಚೆಂಡು ಪುಟಿಯುತ್ತ ಬಂತು. ಫವಾಝ್ ಬಾಗಿ ಎತ್ತಿ ಫಸ್ಟ್ ಬೇಸಿಗೆ ಎಸೆದ. ಓಡಿದವನು ಅರ್ಧ ಹೆಜ್ಜೆ ಹಿಂದೆ ಬಿದ್ದ.

"ಖಲಾಸ್, ಆಯ್ತು, ಮುಂದಿನ ವಾರದಿಂದ ನೀನು ಮೇಲಿನ ಟೀಮು" ಎಂದು ಮಾರಿಸ್ ಬೆನ್ನು ತಟ್ಟಿದರು.

ಎಲ್ಲರೂ ಹೊರಟ ಮೇಲೆ ಅವನು ಊರಿಗೆ ಫೋನ್ ಮಾಡಿದ. ಬ್ಯಾರಿಗಳ ಮನೆಯಲ್ಲಿ ಅಣ್ಣನನ್ನು ಕಾಕ ಎನ್ನುತ್ತಾರೆ.

"ಕಾಕ, ನನ್ನನ್ನು ತಗೊಂಡ್ರು."

"ಹೌದಾ? ಲಾಸ್ಟ್ ಬಾಲ್ ಎಲ್ಲಿಗೆ ಹಾಕಿದ್ದು?"

"ಫಸ್ಟ್ ಬೇಸಿಗೆ."

"ಕೀಪರಿಗೆ ಅಲ್ವಾ?"

"ಅಲ್ಲ ಕಾಕ."

ಝುಬೈರ್ ನಕ್ಕ. "ಒಳ್ಳೇದಾಯ್ತು. ನಾನಿಲ್ಲಿ ಇಷ್ಟು ದಿನ ಕೈ ಒಡ್ಡಿಕೊಂಡೇ ನಿಂತಿದ್ದೆ ಮಾರಾಯ" ಎಂದ.

ಫವಾಝನಿಗೆ ಗೆದ್ದ ಖುಷಿ ಇತ್ತು, ಆದರೆ ಅಣ್ಣನಿಗೆ ಮೋಸ ಮಾಡಿದ ಹಾಗೂ ಅನ್ನಿಸಿತು. ಫೋನ್ ಕಿಸೆಗೆ ಹಾಕಿ, ಚೀಲದಿಂದ ಒಂದು ಚೆಂಡು ತೆಗೆದು ಕ್ಯಾಚರನಿಲ್ಲದ ಆ ಜಾಗಕ್ಕೆ ಎಸೆದ. ಆಮೇಲೆ ತಾನೇ ನಡೆದುಹೋಗಿ ಬೇಲಿಯ ಬುಡದಿಂದ ಹೆಕ್ಕಿಕೊಂಡ.