ಅರುಂಧತಿ ನೆಲದ ಕೆಳಗಿದ್ದ ದಿನ

ನಮ್ಮ ಮದುವೆಯಲ್ಲಿ ಪುರೋಹಿತರು ತೋರಿಸಿದ ಅರುಂಧತಿ ಸುಳ್ಳು. ವೈಶಾಖದ ಬಿಸಿಲಲ್ಲಿ ನಕ್ಷತ್ರ ಕಾಣುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಆದರೂ ಕೊತ್ತತ್ತಿಯ ನನ್ನ ತವರಿನ ಅಂಗಳದಲ್ಲಿ, ಚಪ್ಪರದಿಂದ ಹೊರಗೆ ಕರೆತಂದು, ಬಡಗಲ ತೆಂಗಿನ ಸುಳಿಯತ್ತ ಬೆರಳು ತೋರಿಸಿದರು. ನಾನು ತಲೆ ಎತ್ತದೆಯೇ "ಕಂಡ್ತು" ಅಂದೆ. ಮದುವೆ ಗಂಡು ಮಾತ್ರ ದಪ್ಪ ಕನ್ನಡಕ ಒರೆಸಿಕೊಂಡು, "ಇಲ್ಲ ಸ್ವಾಮಿ, ಕಾಣ್ಲಿಲ್ಲ" ಅಂದರು.

"ಕಂಡಿತು ಅನ್ನಪ್ಪ, ಎಲೆ ಹಾಕಿ ಆಗಿದೆ" ಎಂದು ಪುರೋಹಿತರು ಗದರಿದರು.

ನಮ್ಮ ಯಜಮಾನರು ಅದನ್ನು ಅಲ್ಲಿಗೇ ಬಿಡುವ ಜಾತಿಯವರಲ್ಲ. ಮಂಡ್ಯದ ಮನೆಯ ಜಗುಲಿಯಲ್ಲಿ ಕೂತು ಗಾಜು ಉಜ್ಜಿ ಉಜ್ಜಿ ತಾವೇ ಒಂದು ಟೆಲಿಸ್ಕೋಪು ಮಾಡಿಕೊಂಡರು. ಅದಾದ ಮೇಲೆ ಮದುವೆಯ ಹೊತ್ತಿಗೆ ಆಕಾಶ ಹೇಗಿತ್ತೆಂದು ಲೆಕ್ಕ ಹಾಕಿ ನಗುತ್ತಾ ಬಂದರು. "ಅರುಂಧತಿ ಆವಾಗ ನೆಲದ ಕೆಳಗಿತ್ತು ಕಣೆ. ಅವ್ರು ಬೆರಳು ತೋರ್ಸಿದ್ ಕಡೆ ಬೇರೇನೇ ಐತೆ, ಬಾ."

ವೈಶಾಖದ ಆ ಬೆಳಗಿನ ಆಕಾಶವೇ ಕಾರ್ತಿಕದ ಕೊನೆಯಲ್ಲಿ ಸಂಜೆಗೆ ಬರುತ್ತದಂತೆ. ಹಾಗಾಗಿ ವರ್ಷಕ್ಕೊಮ್ಮೆ, ಕಡೇ ಕಾರ್ತಿಕ ಸೋಮವಾರ ದೀಪ ಹಚ್ಚಿಟ್ಟು ನಾನು ಮಹಡಿ ಹತ್ತುತ್ತಿದ್ದೆ. ಅವರು ಕನ್ನಡಕ ತೆಗೆದು ತಮ್ಮ ಕಣ್ಣಿಗೆ ಸರಿಯಾಗಿ ತಿರುಪು ತಿರುಗಿಸಿ ನೋಡುವರು. ಆಮೇಲೆ ನಾನು ನನ್ನ ಕಣ್ಣಿಗೆ ತಿರುಗಿಸಿಕೊಳ್ಳಬೇಕು. ಮಬ್ಬು ಕಳೆದು ಎರಡು ನಕ್ಷತ್ರ ಕಾಣುತ್ತಿದ್ದವು. ಒಂದು ಹಳದಿ, ಅದರ ಮಗ್ಗುಲಲ್ಲೇ ಕೆಂಪಗಿನ ಒಂದು ಚಿಕ್ಕದು. "ಚಿಕ್ಕದು ನೀನು" ಅನ್ನುವರು. "ಅಡುಗೆ ಮಾಡೋರೇ ದೊಡ್ಡದು ಕಣ್ರೀ" ಅಂತ ನಾನು. ಹೆಸರು ಅವರು ಹೇಳಲಿಲ್ಲ. ತೋರಿಸುವವರು ಪಕ್ಕದಲ್ಲೇ ಇರುವಾಗ ಹೆಸರು ಯಾಕೆ ಬೇಕು?

ಅವರು ತೀರಿಹೋದ ಮೇಲಿನ ಮೊದಲ ಕಾರ್ತಿಕದಲ್ಲಿ ನಾನು ನಕ್ಷತ್ರ ನೋಡಲು ಮಹಡಿಗೆ ಹೋಗಲಿಲ್ಲ. ಟೆಲಿಸ್ಕೋಪು ಅವರ ಲುಂಗಿ ಹೊದ್ದುಕೊಂಡು ಮಹಡಿಯ ಮೂಲೆಯಲ್ಲಿ ನಿಂತಿತ್ತು. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡುತ್ತಿದ್ದೆ. ಎರಡನೆಯ ಕಾರ್ತಿಕಕ್ಕೆ ಭಯ ಹಿಡಿಯಿತು. ಆ ಜೋಡಿ ಎಲ್ಲಿದೆಯೆಂದು ಬಲ್ಲವರು ಒಬ್ಬರೇ, ಅವರೂ ಹೋಗಿದ್ದಾರೆ. ಇನ್ನೊಮ್ಮೆ ಕಾಣದಿದ್ದರೆ ನಮ್ಮ ಮದುವೆಗೆ ಸಾಕ್ಷಿಯೇ ಇಲ್ಲ ಅನ್ನಿಸಿತು.

ಮದ್ದೂರಿನಲ್ಲಿ ಟಿವಿ ರಿಪೇರಿ ಮಾಡುವ ಸಾಹೇಬರೊಬ್ಬರು ಇವರ ಗೆಳೆಯರು. ನನ್ನನ್ನು ಅಕ್ಕ ಎನ್ನುತ್ತಾರೆ. ವಿಷಯ ಕೇಳಿ, "ಈಗ ಅದ್ಕೂ ಕಂಪ್ಯೂಟ್ರು ಬಂದೈತೆ ಅಕ್ಕ, ತಲೆ ಕೆಡಿಸ್ಕಬ್ಯಾಡಿ" ಅಂದರು. ಪೀಠದಡಿಗೆ ಒಂದು, ಕೊಳವೆ ಮೇಲೆ ಕೆಳಗೆ ಆಡುವ ಕೀಲಿಗೆ ಒಂದು, ಹೀಗೆ ತಿರುಗಿದ್ದನ್ನು ಅಳೆಯುವ ಎರಡು ಸೆನ್ಸರು ಕೂಡಿಸಿದರು. ಅವುಗಳ ವೈರು ಸಣ್ಣ ಪೆಟ್ಟಿಗೆಗೆ. ಕೊಳವೆ ಎತ್ತ ನೋಡುತ್ತಿದೆಯೆಂದು ಪೆಟ್ಟಿಗೆ ಮೊಬೈಲಿಗೆ ತಿಳಿಸುತ್ತದೆ. ತಳ್ಳುವುದು ಮಾತ್ರ ನಾವೇ. ಕತ್ತಲು ಚೆನ್ನಾಗಿರುತ್ತದೆಂದು, ಪುರೋಹಿತರು ಬೆರಳು ತೋರಿಸಿದ ಜಾಗವೂ ಅದೇ ಎಂದು, ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಕೊತ್ತತ್ತಿಗೆ ಸಾಗಿಸಿದೆವು.

ಅಂಗಳದಲ್ಲಿ ಇಳಿಸಿ ಲುಂಗಿ ತೆಗೆದೆ. ಇನ್ನೂ ಬೆಳಕಿತ್ತು. ದೂರದ ಕರೆಂಟು ಕಂಬಕ್ಕೆ ತಿರುಗಿಸಿ ಕಣ್ಣಿಟ್ಟರೆ ಎಲ್ಲ ಮಬ್ಬು. ತಿರುಪಿಗೆ ಕೈ ಹಾಕಿದವಳು ಹಿಂದೆಗೆದೆ. ಅದು ಅವರ ಕಣ್ಣಿಗೆ ಕೂಡಿಸಿದ್ದು. ಕಡೆಯ ಸಲ ಒಬ್ಬರೇ ನೋಡಿ ಹಾಗೇ ಬಿಟ್ಟು ಹೋಗಿದ್ದಾರೆ.

ಸಾಹೇಬರು ಮೊಬೈಲಿನಲ್ಲಿ ನಮ್ಮ ಮದುವೆಯ ದಿನ, ಹೊತ್ತು ಹಾಕಿ ನನ್ನ ಕೈಗೆ ಕೊಟ್ಟರು. ಮದುವಣಗಿತ್ತಿಯಾಗಿ ಅಂದು ನಿಂತಿದ್ದ ಜಾಗದಲ್ಲೇ ನಿಂತು ಬಡಗಲಿಗೆ ಎತ್ತಿ ಹಿಡಿದೆ. ತೆಂಗಿನ ಮರ ಸಿಡಿಲಿಗೆ ಹೋಗಿ ಎಷ್ಟೋ ಕಾಲವಾಗಿದೆ. ಅದರ ಸುಳಿ ಇದ್ದ ಬಯಲಲ್ಲಿ ಕುಂತಿ ಎಂಬ ನಕ್ಷತ್ರಗಳ ಗುಂಪು ಮೊಬೈಲಿನ ಪರದೆಯಲ್ಲಿ ಮೂಡಿತು. ಅರುಂಧತಿಯನ್ನು ಹುಡುಕಿದರೆ ಮೊಬೈಲು ನೇರ ನನ್ನ ಕಾಲ ಬುಡಕ್ಕೆ ಬಾಣ ತೋರಿಸಿತು. ಅವರು ಹೇಳಿದ್ದು ನಿಜ. ಕುಂತಿಯೊಳಗೆ ಹಳದಿ ಕೆಂಪಿನ ಜೋಡಿಯೆಂದು ಬರೆದಿದ್ದದ್ದು ಒಂದೇ. ಹೆಸರು ಓದಿಕೊಂಡೆ. ಅಪರಿಚಿತರ ಹೆಸರಿನಂತಿತ್ತು.

ಸಾಹೇಬರು ಮೊಬೈಲನ್ನು ಇವತ್ತಿನ ಹೊತ್ತಿಗೆ ತಂದು, ನಮಾಜು ಮುಗಿಸಿ ಬರುತ್ತೇನೆಂದು ಹೋದರು. ಕತ್ತಲಾಗುತ್ತಿತ್ತು. ನಾನು ಕುರ್ಚಿಯಲ್ಲಿ ಕೂತಿದ್ದೆ, ಟೆಲಿಸ್ಕೋಪಿನ ಹತ್ತಿರ ಯಾರೂ ಇರಲಿಲ್ಲ. ಕೊಳವೆ ತಿರುಗಿದರಷ್ಟೇ ಓಡಬೇಕಾದ ಅಂಕಿಗಳು ಮೊಬೈಲಿನಲ್ಲಿ ಓಡತೊಡಗಿದವು. ತುಸು ಓಡಿ, ನಿಂತು, ಮತ್ತೆ ಓಡಿದವು. "ಬಂದ್ರಾ?" ಅಂದೇಬಿಟ್ಟೆ. ನನ್ನ ದನಿ ನನಗೇ ಹೆದರಿಕೆ ತಂದಿತು. ಸಾಹೇಬರು ಬಂದು ನೋಡಿ, "ವೈರು ಸಡ್ಲಾಗೈತೆ ಅಕ್ಕ" ಎಂದು ಬಿಗಿ ಮಾಡಿದರು. ಆಮೇಲೆ ಅಂಕಿ ಅಲುಗಲಿಲ್ಲ. ಅಲುಗಲಿ ಎಂದು ನಾನು ಕಾದೆ.

ಪೆಟ್ಟಿಗೆಗೆ ಮೊದಲು ಎರಡು ನಕ್ಷತ್ರ ಗುರುತು ಮಾಡಿಕೊಡಬೇಕು, ಮಿಕ್ಕ ಆಕಾಶವನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಪಡುವಲಲ್ಲಿ ಶ್ರವಣ, ಈಶಾನ್ಯದಲ್ಲಿ ಆಗತಾನೆ ಎದ್ದ ಬ್ರಹ್ಮಹೃದಯ. ಕಣ್ಣಿಟ್ಟು ನೋಡಿದ ಸಾಹೇಬರು, "ಫೋಕಸ್ ಮಾಡ್ಕಳಿ ಅಕ್ಕ, ಚುಕ್ಕಿ ಓಗಿ ಇಡ್ಲಿ ಆಗೈತೆ" ಅಂದರು.

"ಇರ್ಲಿ ಬುಡಪ್ಪ. ಇಡ್ಲಿಯಾದ್ರೆ ನಡೂಮಧ್ಯ ಇಡಕ್ಕೆ ಸುಲ್ಭ."

ಅವರು ನನ್ನ ಮುಖ ನೋಡಿದರು, ತಿರುಪು ನೋಡಿದರು. ಎರಡು ಇಡ್ಲಿಗಳನ್ನೂ ನಡುವೆ ತಂದು ಗುಂಡಿ ಒತ್ತಿದೆವು. ಜೋಡಿಯ ಹೆಸರು ಹಾಕಿದಾಗ ಎಷ್ಟು ತಳ್ಳಬೇಕೆಂದು ಅಂಕಿ ಬಂತು. ತಳ್ಳುತ್ತಾ ಹೋದೆ, ಅಂಕಿ ಇಳಿಯುತ್ತಾ ಸೊನ್ನೆಯಾಯಿತು. ಕೊಳವೆ ತೆಂಗಿನ ಮರವಿದ್ದ ಬಯಲನ್ನೇ ನೋಡುತ್ತಿತ್ತು. ಸಾಹೇಬರು ಬೀಡಿ ಹಚ್ಚುವ ನೆಪದಲ್ಲಿ ಗೇಟಿನಾಚೆ ಹೋದರು.

ಕಣ್ಣಿಟ್ಟೆ. ನಡುವೆ ಒಂದೇ ಒಂದು ಮಬ್ಬು ಬೆಳಕು. ಇದೇ ಆ ಜೋಡಿಯೋ ಅಲ್ಲವೋ ತಿಳಿಯಬೇಕಾದರೆ ತಿರುಪು ತಿರುಗಿಸಲೇಬೇಕು, ತಿರುಗಿಸಿದರೆ ಅವರ ಕಣ್ಣು ಹೋಗುತ್ತದೆ. ಅವರಾಗಿದ್ದರೆ "ಬೇಗ ನೋಡೇ, ಜರುಗೋಯ್ತದೆ" ಅನ್ನುತ್ತಿದ್ದರು. ನಿಜಕ್ಕೂ ಬೆಳಕು ಅಂಚಿಗೆ ಜರುಗುತ್ತಿತ್ತು.

ತಿರುಗಿಸಿದೆ. ಬೆಳಕು ಕುಗ್ಗಿತು, ಚೂಪಾಯಿತು, ಎರಡಾಯಿತು. ಹಳದಿ, ಅದರ ಮಗ್ಗುಲಲ್ಲಿ ಕೆಂಪು. ಬಾಯಿಬಿಟ್ಟು ಅತ್ತೆ. "ಕಂಡ್ತು" ಅಂದೆ, ಈ ಸಲ ತಲೆ ಎತ್ತಿ.

ಜೋಡಿ ಅಂಚು ದಾಟಿದ ಮೇಲೆ ತಿರುಪನ್ನು ಹಿಂದಕ್ಕೆ, ಅವರು ಇಟ್ಟಿದ್ದಲ್ಲಿಗೆ ತಿರುಗಿಸಿದೆ. ಇನ್ನೂ ಸ್ವಲ್ಪ ತಿರುಗಿಸಬೇಕೆನ್ನಿಸಿತು, ಆಮೇಲೆ ಜಾಸ್ತಿಯಾಯಿತು ಅನ್ನಿಸಿತು. ಸಾಹೇಬರು ವೈರು ಸುತ್ತಿಕೊಳ್ಳಲು ಬಂದಾಗಲೂ ತಿರುಗಿಸುತ್ತಲೇ ಇದ್ದೆ.